ಕಾಕಿ ಮರದ ಕೆಳಕೊಂಬೆ

ತೊಕುಶಿಮಾ
ಫೆಬ್ರವರಿ 4

ಮಸಾಯೊ,

ಲಕೋಟೆಯ ಮೇಲಿನ ಕೈಬರಹ ನೋಡಿಯೇ ಯಾರೆಂದು ಗೊತ್ತಾಗಿರಬಹುದು, ಇಲ್ಲವೇ ಪೂರ್ತಿ ಮರೆತುಹೋಗಿರಬಹುದು. ಎರಡರಲ್ಲಿ ಯಾವುದಾದರೂ ನಾನು ದೂರುವಂತಿಲ್ಲ. ಮೂವತ್ತನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ, ಅದೂ ಕೆಲಸವಿದೆ ಎಂದು. ಫೋನ್ ಮಾಡಬಹುದಿತ್ತು. ನಿನ್ನ ನಂಬರು ಕಚೇರಿಯ ಕಡತದಲ್ಲೇ ಇದೆ. ಎರಡು ಸಲ ಒತ್ತಿ, ಅತ್ತ ಕಡೆ ರಿಂಗಾಗುವ ಮೊದಲೇ ಇಟ್ಟುಬಿಟ್ಟೆ.

ನಾನೀಗ ಗುಡ್ಡ ಜರಿಯುವುದನ್ನು ಅಳೆಯುವ ಒಂದು ಸರ್ವೆ ಸಂಸ್ಥೆಯಲ್ಲಿದ್ದೇನೆ. ನಮ್ಮ ಹಿನೊಚಿಯ ಗುಡ್ಡಕ್ಕೆ ಈ ವರ್ಷ ನಾಲ್ಕು ತಂತಿಮಾಪಕಗಳು ಮಂಜೂರಾಗಿವೆ. ಎರಡು ಗೂಟ, ನಡುವೆ ಬಿಗಿದ ಒಂದು ತಂತಿ, ಒಂದು ಪೆಟ್ಟಿಗೆ. ನೆಲ ಕೂದಲೆಳೆಯಷ್ಟು ಸರಿದರೂ ಪೆಟ್ಟಿಗೆಗೆ ತಿಳಿಯುತ್ತದೆ, ಮಿತಿ ಮೀರಿದರೆ ಊರಿಗೆಲ್ಲ ಕೇಳುವಂತೆ ಗಂಟೆ ಬಡಿಯುತ್ತದೆ. ಅಷ್ಟು ದೊಡ್ಡ ಗುಡ್ಡಕ್ಕೆ ನಾಲ್ಕೇ ನಾಲ್ಕು. ತಪ್ಪು ಜಾಗದಲ್ಲಿಟ್ಟರೆ ಇಟ್ಟೂ ಇಲ್ಲದಂತೆ. ಎಲ್ಲಿಡಬೇಕೆಂದು ನಕ್ಷೆ ಹೇಳಬೇಕು. ಆ ನಕ್ಷೆ ಮಾಡುವವಳು ನಾನು.

ಆ ನಕ್ಷೆಯನ್ನು ನಿನಗೆ ಹೇಗೆ ವಿವರಿಸಲಿ. ವಿಮಾನದಿಂದ ಲೇಸರ್ ಬಿಟ್ಟು ಅಳೆದದ್ದು. ಕಂಪ್ಯೂಟರಿನಲ್ಲಿ ಮರಗಳನ್ನೆಲ್ಲ ಕಳೆದರೆ ಬರೀ ನೆಲ ಉಳಿಯುತ್ತದೆ. ನಾವು ಹುಟ್ಟಿದ ಗುಡ್ಡವನ್ನು ಬರಿಮೈಯಲ್ಲಿ ನೋಡಿದ ದಿನ ನಾನು ಊಟಕ್ಕೆ ಏಳಲಿಲ್ಲ. ಯಾರೋ ದೊಡ್ಡ ಸೌಟಿನಲ್ಲಿ ಬೆಟ್ಟವನ್ನು ಬಗೆದು ತೆಗೆದಂತೆ ಒಂದು ಗುರುತಿದೆ. ಸಾವಿರಾರು ವರ್ಷ ಹಿಂದಿನ ಕುಸಿತ ಅದು. ನಮ್ಮ ಏಳೂ ಮನೆ, ಹೊಲ, ಟೀ ಗಿಡ, ಶಾಲೆಗೆ ಹೋಗುತ್ತಿದ್ದ ಕಾಲುದಾರಿ, ಎಲ್ಲವೂ ಆ ಸೌಟಿನೊಳಗೇ ಕೂತಿವೆ. ಜರಿದ ಮಣ್ಣಿನ ಮೇಲೇ ನಾವು ಆಡಿ ಬೆಳೆದದ್ದು.

ಇಳಿಜಾರು, ಬಂಡೆಯ ಜಾತಿ, ನೀರಿನ ಊಟೆ, ಮನೆಗಳು, ರಸ್ತೆ, ಇವನ್ನೆಲ್ಲ ಒಂದರ ಮೇಲೊಂದು ಹಾಸಿ ಪ್ರತಿ ಚೌಕಕ್ಕೂ ಅಂಕ ಕೊಡುತ್ತೇವೆ. ಆರು ವರ್ಷದ ಅಂತರದಲ್ಲಿ ವಿಮಾನ ಎರಡು ಸಲ ಹಾರಿದೆ, ಎರಡೂ ಸಲ ಮೇ ತಿಂಗಳಲ್ಲಿ. ಅಷ್ಟರಲ್ಲಿ ನೆಲ ಇಳಿದ ಕಡೆ ಕೆಂಪು, ಇಳಿಯದ ಕಡೆ ಹಸಿರು. ನಿನ್ನ ಹೊಲ ಅಚ್ಚ ಹಸಿರು, ಮಸಾಯೊ. ಇಡೀ ಕಣಿವೆಯಲ್ಲಿ ಅಷ್ಟು ಅಲುಗಾಡದ ನೆಲ ಇನ್ನೊಂದಿಲ್ಲ. ಪಕ್ಕದ ನಮ್ಮ ಹೊಲ ಮಾತ್ರ ಕೆಂಪು. ಅದು ಯಾರೂ ನೋಡದೆ ಪಾಳು ಬಿದ್ದ ಹೊಲ, ಮಣ್ಣು ಕೊಚ್ಚಿಹೋಗಿದೆ ಅಷ್ಟೆ ಎಂದು ಮೇಲಧಿಕಾರಿಗೆ ಹೇಳಿದೆ. ಹೇಳುವಾಗ ನಾಚಿಕೆಯಾಯಿತು.

ಹೀಗಾಗಿ ಹೊಲಗಳ ಕಡೆ ಮಾಪಕ ಬೇಡವೆಂದಾಗಿದೆ. ಎರಡು ನಿಮ್ಮ ಮನೆತನದ ದೇವದಾರು ತೋಪಿನಲ್ಲಿ, ಎರಡು ಹಳ್ಳದಾಚೆಯ ಇಳಿಜಾರಿನಲ್ಲಿ. ತೋಪಿನಲ್ಲಿ ಗೂಟ ನೆಡಲು ನಿನ್ನ ಒಪ್ಪಿಗೆ ಬೇಕು. ಜೊತೆಗಿರುವ ಕಾಗದಕ್ಕೆ ಮುದ್ರೆ ಒತ್ತಿ ಕಳಿಸಿದರೆ ಉಪಕಾರವಾಗುತ್ತದೆ.

ಚಿಜುರು


ಹಿನೊಚಿ
ಫೆಬ್ರವರಿ 21

ಚಿಜುರು,

ಮುದ್ರೆ ಒತ್ತಿದ್ದೇನೆ. ತೋಪಿನಲ್ಲಿ ಎಷ್ಟು ಗೂಟ ಬೇಕಾದರೂ ನೆಟ್ಟುಕೋ. ಆದರೆ ಏಪ್ರಿಲ್‌ಗೆ ಮುಂಚೆ ಯಾರೂ ಬರುವುದು ಬೇಡ, ನಮಗೆ ಪುರುಸೊತ್ತಿಲ್ಲ. ಹಿಮ ಕರಗುತ್ತಿದೆ, ಮಣ್ಣು ಏರಿಸುವ ಕೆಲಸ ಹಿಡಿಯಬೇಕು.

ನನ್ನ ಹೊಲ ಅಲುಗಾಡುವುದಿಲ್ಲವಂತೆ. ಓದಿ ಇಸಾಮು ಹೊಟ್ಟೆ ಹಿಡಿದುಕೊಂಡು ನಕ್ಕ. ಇಸಾಮು ನನ್ನ ಗಂಡ, ನಮ್ಮ ಮನೆಗೆ ಮನೆಅಳಿಯನಾಗಿ ಬಂದವನು, ನೀನು ನೋಡಿಲ್ಲ. ಬಂದ ಮೊದಲ ವರ್ಷವೇ ಅಮ್ಮ ಅವನ ಬೆನ್ನಿಗೆ ಬುಟ್ಟಿ ಕಟ್ಟಿದಳು. ಹೊಲದ ತಳದಲ್ಲಿ ಜಮೆಯಾದ ಮಣ್ಣನ್ನು ತುಂಬಿಕೊಂಡು ಮೇಲಿನ ಅಂಚಿಗೆ ಹೊತ್ತು ಸುರಿಯುವುದು, ಇದೇ ನೋಡಪ್ಪ ನಿನ್ನ ಮದುವೆಯ ಉಡುಗೊರೆ ಎಂದಳಂತೆ. ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ.

ಅಮ್ಮ ಹೋಗಿ ಒಂಬತ್ತು ವರ್ಷವಾಯಿತು. ಅವಳ ಅಳತೆ ಮಾತ್ರ ಬಿಟ್ಟಿಲ್ಲ. ಮೇಲಿನ ಅಂಚಿನಾಚೆಯಿಂದ ಹೊಲದ ಮೇಲೆ ಚಾಚಿದ ಕಾಕಿ ಹಣ್ಣಿನ ಮರದ ಕೆಳಗೆ ನಿಂತು ಕೈ ಎತ್ತಿದರೆ ಬೆರಳ ತುದಿಗೆ ಕೆಳಕೊಂಬೆ ತಾಗಬೇಕು. ತಾಗುವ ತನಕ ಮಣ್ಣು ಏರಿಸಬೇಕು. ಮೊನ್ನೆ ಹಿಮ ಕರಗಿದ ಮೇಲೆ ಹೋಗಿ ಕೈ ಎತ್ತಿದೆ, ಒಂದು ಮೊಳ ಕಮ್ಮಿ. ಹೋದ ವರ್ಷ ಒಂದು ಗೇಣು ಇತ್ತು. ನಾನು ಮದುವೆಯಾದ ಹೊಸತರಲ್ಲಿ ನಾಲ್ಕು ಬೆರಳು ಇರುತ್ತಿತ್ತು. ಇಸಾಮು ಏನಂದ ಗೊತ್ತೇ? "ಹೊಲ ಎಲ್ಲೂ ಇಳಿದಿಲ್ಲ ಕಣೇ, ನೀನೇ ಕುಳ್ಳಿ ಆಗ್ತಾ ಇದ್ದೀಯ."

ಆದ್ದರಿಂದ ಈ ವರ್ಷ ದುಪ್ಪಟ್ಟು ಹೊರಬೇಕು. ನಿಮ್ಮ ಹೊಲದ ಕಲ್ಲುಗೋಡೆ ಜರಿದು ನನ್ನ ಟೀ ಗಿಡದ ಮೇಲೆ ಬಿದ್ದಿದೆ. ಅದನ್ನೂ ನಾನೇ ಎತ್ತಿದೆ. ಹೇಳಬಾರದೆಂದಿದ್ದೆ, ಬರೆದಾಯಿತು.

ಮಸಾಯೊ


ತೊಕುಶಿಮಾ
ಫೆಬ್ರವರಿ 26

ಮಸಾಯೊ,

ಈ ಕಾಗದ ತಲುಪಿದ ಗಳಿಗೆಯಲ್ಲಿ ಬುಟ್ಟಿ ಬೆನ್ನ ಮೇಲಿದ್ದರೆ ಇಳಿಸು. ದಯವಿಟ್ಟು ಈ ವರ್ಷ ಮಣ್ಣು ಏರಿಸಬೇಡ.

ನಿನ್ನ ಕಾಗದವನ್ನು ಕಚೇರಿಯ ಮೆಟ್ಟಿಲ ಮೇಲೆ ನಿಂತು ಓದಿದೆ. ಒಂದು ಮೊಳ ಎಂಬ ಸಾಲನ್ನು ಎರಡು ಸಲ ಓದಿದೆ. ಮೇಲೆ ಹೋಗಿ ನಕ್ಷೆ ತೆರೆದೆ. ನೂರು ಸಲ ನೋಡಿದ ನಕ್ಷೆ ಅದು. ನಮ್ಮ ಹೊಲದ ಕೆಂಪು ಸರಿಯಾಗಿ ಬದುವಿನ ಮೇಲೆ ನಿಲ್ಲುತ್ತದೆ, ಅಲ್ಲಿಂದ ನಿನ್ನ ಹಸಿರು ಶುರು. ಗೆರೆ ಎಳೆದಷ್ಟು ನೇರ. ಬೆಟ್ಟ ಇಳಿಯುವಾಗ ಇದು ಯಾರ ಹೊಲ, ಬದು ಎಲ್ಲಿದೆ ಎಂದು ಕೇಳಿಕೊಂಡು ಇಳಿಯುತ್ತದೆಯೇ? ಎರಡೂ ಹೊಲ ಒಂದೇ ಸಮ ಇಳಿಯುತ್ತಿವೆ, ಅಂಚಿನಾಚೆಯ ಮರವಷ್ಟೇ ನಿಂತಲ್ಲೇ ನಿಂತಿದೆ. ನಮ್ಮದನ್ನು ಎತ್ತುವವರಿರಲಿಲ್ಲ, ಆದ್ದರಿಂದ ಅದು ನಿಜ ಹೇಳಿತು. ನಿನ್ನದನ್ನು ಪ್ರತಿ ಮಾರ್ಚಿನಲ್ಲಿ ಕೊಂಬೆಗೆ ಕೈ ತಾಗುವಷ್ಟು ಎತ್ತಿಟ್ಟಿರಿ. ಮೇ ತಿಂಗಳಲ್ಲಿ ಹಾರಿದ ವಿಮಾನಕ್ಕೆ ಆರು ವರ್ಷದಲ್ಲಿ ಏನೂ ಆಗಿಲ್ಲವೆಂದೇ ಕಂಡಿತು.

ವಿಮಾನಕ್ಕೆ ಗೊತ್ತಿಲ್ಲ, ಸರಿ. ನನಗೆ ಗೊತ್ತಿರಬೇಕಿತ್ತು. ಹತ್ತೊಂಬತ್ತು ವರ್ಷದ ತನಕ ಅದೇ ಹೊಲದ ಪಕ್ಕ ನಾನೂ ಬುಟ್ಟಿ ಹೊತ್ತವಳು. ನಿನ್ನಮ್ಮ ನಮ್ಮಿಬ್ಬರನ್ನೂ ಆ ಕೊಂಬೆಯ ಕೆಳಗೆ ನಿಲ್ಲಿಸಿ ಕೈ ಎತ್ತಿಸುತ್ತಿದ್ದಳು. ಹಾಗಿದ್ದೂ ಮರೆತೆ. ಕೆಂಪು ಕಂಡಾಗ ನಮ್ಮ ಮನೆಯವರ ಸೋಮಾರಿತನ ಎಂದುಕೊಂಡೆ, ಹಸಿರು ಕಂಡಾಗ ಗಟ್ಟಿ ನೆಲ ಎಂದುಕೊಂಡೆ.

ನಾನು ಲೆಕ್ಕ ಹಾಕಿದೆ. ಆರು ವರ್ಷದಲ್ಲಿ ನೀವಿಬ್ಬರೂ ಬೆನ್ನ ಮೇಲೆ ಹೊತ್ತದ್ದು ಮೂವತ್ತು ಲಾರಿ ಮಣ್ಣು. ಬೆಟ್ಟ ಇಳಿಸುತ್ತಾ ಹೋದಂತೆ ನೀವು ಏರಿಸುತ್ತಾ ಬಂದಿರಿ, ಅದೂ ಆಕಾಶಕ್ಕೂ ಗೊತ್ತಾಗದಷ್ಟು ಸರಿಸಮನಾಗಿ. ಈ ಕೆಲಸಕ್ಕೆ ಸೇರಿ ಇಪ್ಪತ್ತೆಂಟು ವರ್ಷವಾಯಿತು, ಇಂಥದ್ದನ್ನು ನಾನು ಕಂಡಿಲ್ಲ. ನಾಲ್ಕು ಬೆರಳು ಗೇಣಾಗಿ, ಗೇಣು ಮೊಳವಾಗಿದೆ. ಗುಡ್ಡದ ಓಟ ಜೋರಾಗುತ್ತಿದೆ. ಕೆಳಗೆ ಏಳು ಮನೆಗಳಿವೆ. ಮಾಪಕ ಇರಬೇಕಾದದ್ದು ತೋಪಿನಲ್ಲಿ ಅಲ್ಲ, ಆ ಮರದ ಬುಡದಲ್ಲಿ. ಅದನ್ನು ಮೇಲಿನವರಿಗೆ ತೋರಿಸಬೇಕಾದರೆ ನೆಲ ಇಳಿದದ್ದು ಕಣ್ಣಿಗೆ ಕಾಣುವಂತೆ ಇರಬೇಕು.

ಚಿಜುರು


ಹಿನೊಚಿ
ಮಾರ್ಚ್ 14

ಚಿಜುರು,

ನಿನ್ನ ಕಾಗದ ಬರುವ ಹೊತ್ತಿಗೆ ಅರ್ಧ ಹೊಲ ಏರಿಸಿ ಆಗಿತ್ತು.

ಓದಿ ನನಗೆ ಮೈಯೆಲ್ಲ ಉರಿಯಿತು. ಏನೆಂದುಕೊಂಡಿದ್ದೀಯ? ಮಣ್ಣು ಏರಿಸದ ಹೊಲವನ್ನು ಊರವರೆದುರು ಇಟ್ಟುಕೊಂಡು ಕೂರುವುದು ಅಂದರೆ ಏನೆಂದು ನಿನಗೆ ಗೊತ್ತು. ತಳದ ಮನೆಯ ಗಿಂಜಿ ಅಜ್ಜನಿಗೆ ಎಂಬತ್ತೆಂಟು. ಈಗಲೂ ದಿನಾ ಬೆಳಿಗ್ಗೆ ಕೋಲೂರಿಕೊಂಡು ಬಂದು ಯಾರ ಹೊಲ ಹೇಗಿದೆ ಎಂದು ನೋಡುತ್ತಾನೆ. ನಾವು ಮೂರು ದಿನ ಬುಟ್ಟಿ ಮುಟ್ಟದಿದ್ದದ್ದನ್ನು ಕಂಡು ಬಾಗಿಲಿಗೇ ಬಂದ. "ಏನಮ್ಮಾ, ಇಷ್ಟು ಬೇಗ ವಯಸ್ಸಾಯ್ತಾ? ಹೇಳು, ನಾನೇ ಬಂದು ನಾಲ್ಕು ಬುಟ್ಟಿ ಹೊತ್ತುಕೊಡ್ತೀನಿ." ನನ್ನಮ್ಮನ ಪಟದ ಮುಂದೆಯೇ ನಿಂತು ಹಾಗಂದ.

ಮತ್ತೆ, ಮಣ್ಣು ಏರಿಸಬೇಡ ಎಂದು ಹೇಳುತ್ತಿರುವವಳು ಯಾರು? ನಿಮ್ಮಪ್ಪ ಮನೆಗೆ ಬೀಗ ಹಾಕಿದ ದಿನ ಬಸ್ಸಿನ ಹತ್ತಿರ ನಾನು ಹೇಳಿದ್ದು ನಿನಗೆ ನೆನಪಿರುತ್ತದೆ. ಮಣ್ಣು ಹೊರದವಳು ಇನ್ನು ಹೊಲದ ಮಾತು ಆಡಬೇಡ ಎಂದಿದ್ದೆ. ಆಗ ನಮಗೆ ಹತ್ತೊಂಬತ್ತು. ಆ ಮಾತನ್ನು ನಾನು ಇವತ್ತಿಗೂ ಹಿಂದೆ ತೆಗೆದುಕೊಳ್ಳುವುದಿಲ್ಲ.

ಇಷ್ಟು ಬರೆದು ಎರಡು ದಿನ ಇಟ್ಟಿದ್ದೆ. ಆಮೇಲೆ ಏರಿಸದೆ ಉಳಿದ ಅರ್ಧದಲ್ಲಿ ಹೋಗಿ ನಿಂತೆ, ಮರದ ಕೆಳಗೇ. ಇಸಾಮು ಟೀ ಮೂಟೆ ಕಟ್ಟುವ ದಾರವನ್ನು ಕೊಂಬೆಗೆ ಕಟ್ಟಿ ಕೆಳಗೆ ಬಿಟ್ಟ. ನನ್ನ ಬೆರಳ ತುದಿ ಬಂದಲ್ಲಿ ಗಂಟು ಹಾಕಿದ. ಆ ದಾರ ಇದರ ಜೊತೆಗಿದೆ. ಕತ್ತರಿಸಿದ್ದು ಕೊಂಬೆಯ ಹತ್ತಿರ, ಗಂಟಿನ ಹತ್ತಿರವಲ್ಲ, ತಪ್ಪು ಅಳೆಯಬೇಡ. ಉಳಿದ ಅರ್ಧವನ್ನು ಮುಟ್ಟುವುದಿಲ್ಲ. ಯಾಕೆಂದು ಕೇಳಬೇಡ.

ಮಸಾಯೊ


ತೊಕುಶಿಮಾ
ಏಪ್ರಿಲ್ 9

ಮಸಾಯೊ,

ನಲವತ್ತೊಂದು ಸೆಂಟಿಮೀಟರ್.

ದಾರವನ್ನು ಮೇಲಧಿಕಾರಿಯ ಮೇಜಿನ ಮೇಲೆ ಹಾಸಿದೆ. ಪಕ್ಕದಲ್ಲಿ ನಕ್ಷೆ. ಅವರು ಕೆಟ್ಟವರಲ್ಲ, ಆದರೆ ನಲವತ್ತು ವರ್ಷ ಯಂತ್ರ ನಂಬಿ ಬದುಕಿದವರು. ದಾರವನ್ನು ಎರಡು ಬೆರಳಲ್ಲಿ ಎತ್ತಿ ಇದೇನು ಎಂದರು. ರೈತ ಹೆಂಗಸೊಬ್ಬಳ ಕೈಗೂ ಹಣ್ಣಿನ ಮರಕ್ಕೂ ನಡುವಿನ ಅಂತರ ಎಂದೆ. ವಯಸ್ಸಾದ ಹಾಗೆ ಮನುಷ್ಯರು ಕುಗ್ಗುತ್ತಾರಲ್ಲ ಎಂದರು. ನಿನ್ನ ಗಂಡನೂ ಇದನ್ನೇ ಹೇಳಿದ್ದು ನೆನಪಾಗಿ ನನಗೆ ನಗು ಬಂತು. ಒಂದೇ ವರ್ಷದಲ್ಲಿ ಒಂದು ಮೊಳ ಕುಗ್ಗಿದವರನ್ನು ನಾನು ನೋಡಿಲ್ಲ ಎಂದೆ.

ಆಮೇಲೆ ಬದುವಿನ ಗೆರೆ ತೋರಿಸಿದೆ. ಆ ಕೆಂಪು ಹೊಲ ನಮ್ಮ ಮನೆಯದು ಎಂದೂ ಹೇಳಿದೆ. ಅದನ್ನು ಪಾಳು ಎಂದು ತಳ್ಳಿಹಾಕಿದ್ದು ನನ್ನ ತಪ್ಪು, ನಾಚಿಕೆಯಿಂದ ಮಾಡಿದ ತಪ್ಪು ಎಂದೆ. ಅವರು ಕನ್ನಡಕ ತೆಗೆದು ನಕ್ಷೆಗೆ ಮೂಗು ತಾಗುವಷ್ಟು ಬಾಗಿ ಆ ಗೆರೆಯನ್ನೇ ನೋಡಿದರು. ಕೊನೆಗೆ, "ಈ ಹಸಿರೆಲ್ಲಾ ಇಬ್ಬರು ಮನುಷ್ಯರು ಹೊತ್ತಿದ್ದಾ?" ಎಂದರು. ಅವರ ದನಿಯೇ ಬೇರೆಯಾಗಿತ್ತು.

ತೋಪಿನ ಎರಡರಲ್ಲಿ ಒಂದು ನಿನ್ನ ಮರದ ಬುಡಕ್ಕೆ ಬರುತ್ತದೆ. ಮೇ ಹನ್ನೆರಡಕ್ಕೆ ನಾನೇ ಬರುತ್ತೇನೆ. ದಾರವನ್ನು ಇಟ್ಟುಕೊಂಡಿದ್ದೇನೆ.

ಚಿಜುರು


ಹಿನೊಚಿ
ಜೂನ್ 17

ಚಿಜುರು,

ನೀನು ಬಂದು ಹೋಗಿ ತಿಂಗಳಾಯಿತು. ಬಂದಾಗ ಏನೂ ಮಾತಾಡಲಿಲ್ಲ ನಾವು. ಗೂಟದ ಮಾತು, ತಂತಿಯ ಮಾತು, ಆಲೂಗಡ್ಡೆ ಸುಟ್ಟದ್ದು ಹದವಾಗಿದೆ ಎಂಬ ಮಾತು. ನೀನು ಹೊರಡುವ ಮೊದಲು ಮರದ ಕೆಳಗೆ ಹೋಗಿ ಒಬ್ಬಳೇ ಕೈ ಎತ್ತಿದ್ದನ್ನು ನಾನು ಅಡುಗೆಮನೆ ಕಿಟಕಿಯಿಂದ ನೋಡಿದೆ. ನೋಡಲಿಲ್ಲವೆಂದು ನೀನು ತಿಳಿದಿದ್ದೀಯ.

ಪೆಟ್ಟಿಗೆಯ ಸುದ್ದಿ ಕೇಳು. ಗಿಂಜಿ ಅಜ್ಜ ಅದಕ್ಕೆ ಪೆಟ್ಟಿಗೆ ದೇವರು ಎಂದು ಹೆಸರಿಟ್ಟಿದ್ದಾನೆ. ಗುಡ್ಡ ಇಳಿಯೋದನ್ನ ನನಗೆ ಪೆಟ್ಟಿಗೆ ಹೇಳಬೇಕಾ ಎಂದು ದಿನಾ ಬೈಯುತ್ತಾನೆ, ಬೈಯುತ್ತಲೇ ಅದರ ಮುಂದೆ ಬಂದು ಕೂರುತ್ತಾನೆ. ಮುಳ್ಳು ಸರಿಯುವುದನ್ನು ನೋಡುವ ಹಟ ಅವನಿಗೆ. ಕಣ್ಣಿಗೆ ಕಾಣುವಷ್ಟು ಸರಿಯುವುದಿಲ್ಲ, ಬೆಳಿಗ್ಗೆ ನೋಡಿ ಸಂಜೆ ನೋಡಿದರೆ ಮಾತ್ರ ತಿಳಿಯುತ್ತದೆ.

ಒಂದು ದಿನ ಮಳೆ ನಿಂತ ಮೇಲೆ ನಾನೂ ತಂತಿಯ ಪಕ್ಕ ಕೂತೆ. ಈ ಕಡೆ ಗೂಟ ಮರದ ಬುಡದಲ್ಲಿ, ನಿಂತ ನೆಲದಲ್ಲಿ. ಆ ಕಡೆ ಗೂಟ ನನ್ನ ಹೊಲದಲ್ಲಿ, ನಡೆಯುತ್ತಿರುವ ನೆಲದಲ್ಲಿ. ನಡುವೆ ಎಂಟು ಹೆಜ್ಜೆ. ಇಷ್ಟು ವರ್ಷ ಮಳೆ ಮಣ್ಣನ್ನು ಕೆಳಗೆ ತರುತ್ತದೆ, ನಾವು ಮೇಲೆ ಒಯ್ಯುತ್ತೇವೆ ಎಂದುಕೊಂಡಿದ್ದೆ. ಮಣ್ಣಲ್ಲ, ಮನೆ ಒಲೆ ಟೀ ಗಿಡ ಅಮ್ಮನ ಸಮಾಧಿಕಲ್ಲು ಎಲ್ಲವನ್ನೂ ಹೊತ್ತುಕೊಂಡು ಇಡೀ ಗುಡ್ಡವೇ ಹೋಗುತ್ತಿತ್ತು. ಅಂಥದ್ದರ ಜೊತೆ ನಾನು ಒಂದು ಬುಟ್ಟಿ ಹಿಡಿದು ಗುದ್ದಾಡುತ್ತಿದ್ದೆ. ಭಯವಾಗಲಿಲ್ಲ, ಚಿಜುರು. ಕೈ ಮುಗಿಯಬೇಕೆನಿಸಿತು. ಬೆಟ್ಟಕ್ಕೋ, ಅಮ್ಮನಿಗೋ, ಗೊತ್ತಾಗಲಿಲ್ಲ. ಸುಮ್ಮನೆ ಮುಗಿದೆ.

ಮಸಾಯೊ


ತೊಕುಶಿಮಾ
ಸೆಪ್ಟೆಂಬರ್ 3

ಮಸಾಯೊ,

ಗಂಟೆಗೊಂದು ಅಂಕಿ ನಿನ್ನ ಹೊಲದಿಂದ ನನ್ನ ಮೇಜಿಗೆ ಬರುತ್ತದೆ. ಆಗಸ್ಟಿನಿಂದ ಅದು ಏರುತ್ತಲೇ ಇದೆ, ಹಿಂದೆ ತಿರುಗಿ ನೋಡಿಲ್ಲ. ತೋಪಿನ ಮಾಪಕ ಮಾತ್ರ ಕದಲಿಲ್ಲ. ಮೊದಲ ನಕ್ಷೆಯ ಪ್ರಕಾರವೇ ಇಟ್ಟಿದ್ದರೆ ಇವತ್ತು ನಾನು ಎಲ್ಲ ಸರಿಯಿದೆ ಎಂದು ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದೆ.

ದಕ್ಷಿಣದಲ್ಲಿ ಚಂಡಮಾರುತ ಹುಟ್ಟಿದೆ. ಗಂಟೆ ಬಡಿದರೆ ಹೊರಡಿ. ಒಲೆ ಆರಿಸಲು ನಿಲ್ಲಬೇಡಿ. ಗಿಂಜಿ ಅಜ್ಜ ಟೀ ಕುಡಿದು ಮುಗಿಸಲಿ ಎಂದು ಕಾಯಬೇಡಿ. ಹಳ್ಳದಾಚೆಯ ಹಳೇ ಶಾಲೆ ಗಟ್ಟಿ ಬಂಡೆಯ ಮೇಲಿದೆ, ಅಲ್ಲಿಗೇ ಹೋಗಿ.

ಹೊಲದ ಮಾತು ಆಡಬೇಡ ಎಂದಿದ್ದೆ ನೀನು. ಇದೊಂದು ಸಲ ಕೇಳು.

ಚಿಜುರು


ಹಳೇ ಶಾಲೆ, ಹಿನೊಚಿ
ಸೆಪ್ಟೆಂಬರ್ 20

ಚಿಜುರು,

ಫೋನಿನಲ್ಲಿ ಎಲ್ಲರೂ ಕ್ಷೇಮ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಉಳಿದದ್ದನ್ನು ಬರೆಯುತ್ತೇನೆ.

ಹದಿನೈದನೇ ತಾರೀಖು ಬೆಳಿಗ್ಗೆ ಹತ್ತೂವರೆಗೆ ಗಂಟೆ ಬಡಿಯಿತು. ಮಳೆ ಆಗಲೇ ಹಗುರಾಗಿತ್ತು, ಆದ್ದರಿಂದ ಯಾರಿಗೂ ನಂಬಿಕೆ ಬರಲಿಲ್ಲ. ಊಟೆಯ ನೀರು ಕೆಂಪಾಗಿತ್ತು. ಅಗೆದ ಹಸಿಮಣ್ಣಿನ ವಾಸನೆ ಎಲ್ಲೆಲ್ಲೂ. ನಾನು ಮನೆಮನೆಯ ಬಾಗಿಲು ತಟ್ಟಿದೆ. ಹೊರಟರು, ಗಿಂಜಿ ಅಜ್ಜನೊಬ್ಬನನ್ನು ಬಿಟ್ಟು. "ನನ್ನ ಮನೆ ಹೋದರೆ ಅದರ ಜೊತೆ ನಾನೂ ಹೋಗ್ತೀನಿ. ಮಣ್ಣು ಹೊತ್ತವನು ಮಣ್ಣಿನ ಜೊತೆಗೇ ಇರ್ತಾನೆ" ಎಂದು ಕಂಬ ಹಿಡಿದು ಕೂತ. ಇಸಾಮು ಮಣ್ಣಿನ ಬುಟ್ಟಿ ತಂದು ಅಜ್ಜನನ್ನು ಅದರೊಳಗೆ ಕೂರಿಸಿ ಬೆನ್ನಿಗೆ ಕಟ್ಟಿಕೊಂಡ. ಹಳ್ಳ ದಾಟುವ ತನಕ ಅಜ್ಜ ಅವನ ತಲೆಗೆ ಕೋಲಿನಿಂದ ಕುಟ್ಟುತ್ತಲೇ ಇದ್ದ. "ಮಣ್ಣಿಗಿಂತ ಹಗುರ ಇದ್ದೀಯ ಅಜ್ಜ, ಸುಮ್ಮನಿರು" ಎಂದ ಇಸಾಮು.

ಎರಡು ಗಂಟೆಗೆ ಸ್ವಲ್ಪ ಮೊದಲು ಗುಡ್ಡ ಹೋಯಿತು. ಹನ್ನೊಂದು ಜನರೂ ಶಾಲೆಯ ಅಂಗಳದಲ್ಲಿ ನಿಂತು ನೋಡಿದೆವು. ಚೂರುಚೂರಾಗಿ ಉರುಳುತ್ತದೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಹೊಲ ಇಡಿಯಾಗಿ ಹೊರಟಿತು. ಟೀ ಗಿಡದ ಸಾಲುಗಳು ನಿಂತಂತೆಯೇ ಕೆಳಗೆ ನಡೆದು ಹೋದವು, ನಮ್ಮ ಮನೆ ಕಿಟಕಿ ಬಾಗಿಲ ಸಮೇತ ಅವುಗಳ ಜೊತೆಗೇ ಹೋಯಿತು. ಸದ್ದು ಆಮೇಲೆ ಬಂತು, ಕಾಲಿನಿಂದ ಮೇಲೇರಿ ಎದೆಗೆ ಬಂತು. ಯಾರೂ ಅಳಲಿಲ್ಲ. ಅಷ್ಟು ದೊಡ್ಡದರ ಮುಂದೆ ಅಳು ಬರುವುದಿಲ್ಲ. ಗಿಂಜಿ ಅಜ್ಜ ಬುಟ್ಟಿಯಲ್ಲೇ ಕೂತು ಟೋಪಿ ತೆಗೆದ.

ಕಾಕಿ ಮರ ಅಲ್ಲೇ ಇದೆ. ಅರ್ಧ ಬೇರು ಗಾಳಿಯಲ್ಲಿ ತೂಗುತ್ತಿದೆ. ಅದರ ಕೆಳಗೆ ಈಗ ಹೊಲವಿಲ್ಲ, ಮೂರಾಳು ಆಳದ ಗೋಡೆಯಿದೆ. ನಿನ್ನ ಮಾಪಕದ ತಂತಿಯ ಒಂದು ತುಂಡು ಇನ್ನೂ ಅದರ ಬುಡದಲ್ಲಿ ನೇತಾಡುತ್ತಿದೆ.

ಮಸಾಯೊ


ತೊಕುಶಿಮಾ
ನವೆಂಬರ್ 11

ಮಸಾಯೊ,

ವಿಮಾನ ಮತ್ತೆ ಹಾರಿತು. ಹೊಸ ನಕ್ಷೆಯ ಪ್ರತಿ ಕಳಿಸುತ್ತಿದ್ದೇನೆ. ನಿನ್ನ ಹೊಲವೂ ನಮ್ಮ ಹೊಲವೂ ಒಂದೇ ಬಣ್ಣ, ಕಡುಗೆಂಪು. ಬದು ಹುಡುಕಿದೆ, ಸಿಗಲಿಲ್ಲ. ಕೆಳಗೆ ಹೋಗಿ ನಿಂತ ಮಣ್ಣು ಈಗ ನೆಲೆಯೂರಿದೆ. ಅಲ್ಲಿ ಇನ್ನೆರಡು ವರ್ಷ ಮನೆ ಕಟ್ಟುವಂತಿಲ್ಲ, ಆದರೆ ಒಂದು ಕಡೆ ಬೆಳೆ ಇಡಬಹುದು ಎಂದು ನನಗನಿಸುತ್ತದೆ. ನಮ್ಮ ಹಿಂದಿನವರೂ ಹೀಗೆ ಜರಿದ ಮಣ್ಣು ಮೆತ್ತಗಿದೆ ಎಂದೇ ಅಲ್ಲಿ ನೆಲೆಸಿದ್ದಿರಬೇಕು.

ಇನ್ನೊಂದು ಸುದ್ದಿ. ನಮ್ಮ ನಕ್ಷೆಗೆ ಹೊಸದೊಂದು ಪದರ ಸೇರಿದೆ. ಮುಂದಿನ ಕಣಿವೆಗೆ ಮಾಪಕ ಇಡುವ ಮೊದಲು ನಾನು ಮನೆಮನೆಗೂ ಹೋಗಿ ಒಂದೇ ಪ್ರಶ್ನೆ ಕೇಳುತ್ತೇನೆ, ಪ್ರತಿ ವರ್ಷ ನೀವು ಏನನ್ನು ಸರಿ ಮಾಡುತ್ತೀರಿ ಎಂದು. ಒಬ್ಬಾಕೆ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆಂದು ವರ್ಷಕ್ಕೊಮ್ಮೆ ಹೆರೆಸುತ್ತಾಳೆ. ಒಬ್ಬ ಮುದುಕ ಮೆಟ್ಟಿಲಿಗೆ ಪ್ರತಿ ಹೊಸವರ್ಷಕ್ಕೆ ಒಂದು ಕಲ್ಲು ಸೇರಿಸುತ್ತಾನೆ, ಹದಿನೇಳು ಕಲ್ಲಾಗಿವೆ. ಯಾರೂ ಇದನ್ನು ಗುಡ್ಡದ ಸುದ್ದಿ ಎಂದುಕೊಂಡಿಲ್ಲ, ಮನೆಗೆಲಸ ಎಂದುಕೊಂಡಿದ್ದಾರೆ. ಅವರ ಮಾತನ್ನೆಲ್ಲ ಚೌಕದಲ್ಲಿ ತುಂಬುತ್ತೇನೆ. ಈ ಪದರಕ್ಕೆ ಏನು ಹೆಸರಿಡೋಣ ಎಂದು ಮೇಲಧಿಕಾರಿ ಕೇಳಿದರು. ನಾನೇ ಬರೆದುಬಿಟ್ಟೆ. ಕಡತದಲ್ಲಿ ನಿನ್ನಮ್ಮನ ಹೆಸರೇ ಇದೆ.

ಚಿಜುರು


ಹಳೇ ಶಾಲೆ, ಹಿನೊಚಿ
ಡಿಸೆಂಬರ್ 8

ಚಿಜುರು,

ಆ ಹೆಸರಿನ ಮಾತು ಓದಿ ಕಾಗದ ಮಡಚಿಟ್ಟು ಹೊರಗೆ ಹೋಗಿದ್ದೆ. ಬಹಳ ಹೊತ್ತು ಬರಲಿಲ್ಲವೆಂದು ಇಸಾಮು ಹುಡುಕಿಕೊಂಡು ಬಂದ.

ಈ ಸಲ ಕಾಕಿ ಮರ ಮೈತುಂಬಾ ಬಿಟ್ಟಿತ್ತು. ಇಸಾಮು ಹಗ್ಗ ಕಟ್ಟಿಕೊಂಡು ಹತ್ತಿ ಕಿತ್ತ. ಸುಲಿದು ಒಣಗಿಸಿದ್ದನ್ನು ಕಳಿಸುತ್ತಿದ್ದೇನೆ. ಕೆಳಕೊಂಬೆಯವನ್ನು ಬೇರೆ ಪೊಟ್ಟಣ ಮಾಡಿದ್ದೇನೆ.

ನಿನ್ನ ನಕ್ಷೆಯನ್ನು ಶಾಲೆಯ ಗೋಡೆಗೆ ಅಂಟಿಸಿದ್ದೇವೆ. ಊರವರೆಲ್ಲ ಅದರ ಮುಂದೆ ನಿಂತು ನನ್ನ ಒಲೆ ಇಲ್ಲಿರಬೇಕು, ನಿನ್ನದು ಅಲ್ಲಿ ಎಂದು ಬೆರಳಿಟ್ಟು ಜಗಳವಾಡುತ್ತಾರೆ. ಒಂದು ಕಡೆ ಬೆಳೆ ಇಡಬಹುದು ಎಂದು ಬರೆದಿದ್ದೀಯ. ಯಾವ ಕಡೆ ಎಂದು ನಮಗೆ ತಿಳಿಯುತ್ತಿಲ್ಲ. ಹಿಮ ಕರಗಿದ ಮೇಲೆ ಬಾ. ಹೊಲ ಎಲ್ಲಿಡಬೇಕೆಂದು ಈ ಸಲ ನೀನು ಹೇಳು, ನಾವು ಕೇಳುತ್ತೇವೆ. ದಾರವನ್ನು ಮರೆಯದೆ ತಾ, ಹೊಸ ಮರ ನೆಟ್ಟರೆ ಬೇಕಾಗುತ್ತದೆ.

ಬುಟ್ಟಿ ನಾನು ಕೊಡುತ್ತೇನೆ. ಇರುವುದು ಎರಡೇ. ಅದರಲ್ಲಿ ಒಂದನ್ನು ಗಿಂಜಿ ಅಜ್ಜ ತನ್ನದೆಂದು ಹೇಳಿ ಅದರೊಳಗೆ ಕೂತೇ ಟೀ ಕುಡಿಯುತ್ತಾನೆ, ಬಿಟ್ಟುಕೊಡುವುದಿಲ್ಲವಂತೆ. ಇನ್ನೊಂದು ನಿನಗೆ. ನಾನು ಕೆಳಗೆ ನಿಂತು ತುಂಬಿ ಕೊಡುತ್ತೇನೆ.

ನಿನ್ನ
ಮಸಾಯೊ